ಪದಕ, ಡಿಸ್ಚಾರ್ಜ್ ಬುಕ್ಕು, ಕುಲುಮೆಯ ಸಾಮಾನು: ಅಜ್ಜನ ಬಗ್ಗೆ ಹೇಳುವುದರಲ್ಲಿ ಯಾವುದು ಸರಿ ಎಂದು ಇವುಗಳಿಂದ ತಿಳಿಯಬಹುದಾ?

ಮುಳ್ಳೇರಿಯದ ಪುಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮ್ಮನ ಅಪ್ಪ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ಕಮ್ಮಾರರಾಗಿದ್ದು, ಬಿಟ್ಟು ಬಂದ ಮೇಲೆ ಕಾಸರಗೋಡಿನ ಮುಳ್ಳೇರಿಯದ ಹತ್ತಿರ ಕೊನೆಯವರೆಗೂ ಕುಲುಮೆ ನಡೆಸಿದವರು. ವರ್ಷಾಂತಿಕದ ದಿನ ಮನೆಯವರಿಗೆ ಹಂಚಲು 40 ಪುಟದ ಒಂದು ಪುಸ್ತಕ ಮಾಡುವ ಅಂತ ಹೊರಟಿದ್ದೇವೆ. ತೊಂದರೆ ಎಂತದೆಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಅಮ್ಮ ಹೇಳುವುದು, ಬಾಂಗ್ಲಾ ಯುದ್ಧಕ್ಕೆ ಹೋಗಿದ್ದರು ಅಂತ. ದೊಡ್ಡ ಮಾವ ಹೇಳುವುದು, ಪಂಜಾಬಿನ ಕಡೆ ಸೇತುವೆ ಕಟ್ಟಿದ್ದು ಅಂತ. ಅಜ್ಜಿಯ ಪ್ರಕಾರ ನಮ್ಮೂರು ಮದ್ರಾಸ್ ರಾಜ್ಯದಲ್ಲಿದ್ದಾಗಲೇ ಮಿಲಿಟರಿಗೆ ಸೇರಿದ್ದು. ಊರಲ್ಲಿ ಒಂದಿಬ್ಬರು "ಪೆನ್ಶನ್ ಇರಲಿಲ್ಲವಲ್ಲ, ಓಡಿ ಬಂದದ್ದಿರಬೇಕು" ಅಂತಲೂ ಆಡಿದ್ದುಂಟು. ಪೆನ್ಶನ್ ಇಲ್ಲದ್ದು ಹೌದು.

ಕೈಯಲ್ಲಿರುವುದು ಇಷ್ಟು. ಐದು ಪದಕ: ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ, ರಕ್ಷಾ ಪದಕ 1965, ಸ್ವಾತಂತ್ರ್ಯದ 25ನೇ ವರ್ಷದ ಪದಕ, 9 ವರ್ಷದ ದೀರ್ಘ ಸೇವಾ ಪದಕ. ಡಿಸ್ಚಾರ್ಜ್ ಬುಕ್ಕಿಗೆ ಮಳೆನೀರು ತಾಗಿ ಮೊದಲಿನ ಪುಟಗಳು ಅಂಟಿಕೊಂಡಿವೆ. ಓದಲು ಬರುವ ಪುಟದಲ್ಲಿ ಬಿಡುಗಡೆಯ ಕಾರಣದ ಎದುರು "ಆರ್ಮಿ ರೂಲ್ 13(3)", ಮುಂದೆ ರೋಮನ್ ಮೂರು, ಆವರಣದಲ್ಲಿ ಸಣ್ಣ ರೋಮನ್ ನಾಲ್ಕು ಅಂತ ಉಂಟು. ನಡತೆಯ ಎದುರು "ಎಕ್ಸೆಂಪ್ಲರಿ". ಎರಡು ಹಳೆ ಲೆಕ್ಕದ ಪುಸ್ತಕ. ಕುಲುಮೆಯಲ್ಲಿ ಅಡಿಗಲ್ಲು, ಸುತ್ತಿಗೆ, ಸಮ್ಮಟಿಗೆ, ಏಳು ಇಕ್ಕಳ, ಕೈಯಲ್ಲಿ ತಿರುಗಿಸುವ ಬ್ಲೋವರ್, ಕೆಲವು ಉಳಿ (ಒಂದರ ಮೇಲೆ ಬಾಣದ ಗುರುತು), ಹಿಡಿ ಹಾಕದೆ ಬಾಕಿಯಾದ ಎರಡು ಕತ್ತಿ.

ಕರಡಿನಲ್ಲಿ ಕಸುಬಿನ ಬಗ್ಗೆ ಬರೆದದ್ದು ಒಂದೇ ಸಾಲು: "ಅಜ್ಜ ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದಿ ಕತ್ತಿ ಮಾಡುತ್ತಿದ್ದರು." ಇಷ್ಟು ಸಾಕಾ? ಪದಕಗಳನ್ನೂ ಸಾಮಾನನ್ನೂ ತೊಳೆದು ಫಳಫಳ ಮಾಡಿ ಫೋಟೋ ತೆಗೆಯಬೇಕೆಂದು ಮಾವ ಸ್ಯಾಂಡ್ ಪೇಪರ್ ತಂದಿಟ್ಟಿದ್ದಾರೆ.

ಲಾಂಗ್ ರೋಲ್ ಉತ್ತರ:

ಮೊದಲು ಓಡಿ ಬಂದ ಮಾತನ್ನು ಮುಗಿಸುವ. ನೀವು ಓದಿದ ಆ ಒಂದು ಸಾಲೇ ಸಾಕು. 1954ರ ಆರ್ಮಿ ರೂಲ್ಸಿನ 13ನೇ ನಿಯಮದಲ್ಲಿ ಯಾರನ್ನು ಯಾವ ಕಾರಣಕ್ಕೆ ಬಿಡುಗಡೆ ಮಾಡಬಹುದೆಂಬ ಪಟ್ಟಿ ಉಂಟು. ಅದರಲ್ಲಿ ರೋಮನ್ ಮೂರು ಎಂದರೆ ಅಟೆಸ್ಟೇಶನ್ (ಪ್ರಮಾಣವಚನ) ಆದ ಸೈನಿಕ. ಅದರೊಳಗೆ ಒಂದನೆಯದು ಒಪ್ಪಿಕೊಂಡ ಅವಧಿ ಮುಗಿದು ಬಂದದ್ದು, ಎರಡನೆಯದು ರಿಸರ್ವಿನಲ್ಲಿ ಜಾಗ ಇಲ್ಲದೆ ಬಿಟ್ಟದ್ದು, ಮೂರನೆಯದು ವೈದ್ಯಕೀಯ ಕಾರಣ, ನಾಲ್ಕನೆಯದು ಅವಧಿ ಮುಗಿಯುವ ಮೊದಲು ಸ್ವಂತ ಕೋರಿಕೆಯ ಮೇಲೆ ಬಂದದ್ದು. ಅಜ್ಜನದ್ದು ನಾಲ್ಕನೆಯದು. ಅರ್ಜಿ ಕೊಟ್ಟು, ಮಂಜೂರಾಗಿ, ಸಹಿ ಹಾಕಿ ಬಂದವರು. ಓಡಿ ಹೋದವನ ಕತೆ ಬೇರೆ. ರಜೆ ಇಲ್ಲದೆ 30 ದಿನ ಕಾಣದಿದ್ದರೆ ವಿಚಾರಣಾ ನ್ಯಾಯಾಲಯ ಕೂತು ಅವನನ್ನು ಡೆಸರ್ಟರ್ ಎಂದು ದಾಖಲಿಸುತ್ತದೆ. ಅಂಥವನ ಕೈಗೆ "ಎಕ್ಸೆಂಪ್ಲರಿ" ಎಂದು ಬರೆದ ಪುಸ್ತಕ ಕೊಟ್ಟು ಕಳಿಸುವುದಿಲ್ಲ. ಪೆನ್ಶನ್ ಇಲ್ಲದ್ದಕ್ಕೂ ಅದೇ ಸಾಲಿನಲ್ಲಿ ಉತ್ತರ ಉಂಟು. ಜವಾನರಿಗೆ ಸೇವಾ ಪೆನ್ಶನ್ ಸಿಗಲು ಕನಿಷ್ಠ 15 ವರ್ಷ ಬೇಕು, ಅದು ತುಂಬುವ ಮೊದಲೇ ಅವರು ಬಂದಿದ್ದಾರೆ. ಆ ಪುಟದ ಫೋಟೋವನ್ನು ಪುಸ್ತಕದಲ್ಲಿ ಇಡೀ ಪುಟಕ್ಕೆ ಹಾಕಿ.

ಇನ್ನು ಇಸವಿ. ಪದಕಗಳನ್ನು ಜೋಡಿಸಿದರೆ ಅವೇ ಹೇಳುತ್ತವೆ. ರಕ್ಷಾ ಪದಕ ಇದೆ, ಅಂದರೆ 1965ರಲ್ಲಿ ಸೇವೆಯಲ್ಲಿದ್ದರು. 25ನೇ ವರ್ಷದ ಪದಕ ಸಿಕ್ಕಿದ್ದು 1972ರ ಆಗಸ್ಟ್ 15ಕ್ಕೆ ಸೇವೆಯಲ್ಲಿದ್ದವರಿಗೆ, ಅಂದರೆ ಆ ದಿನವೂ ಇದ್ದರು. 9 ವರ್ಷದ್ದು ಸಿಕ್ಕಿದೆ, ಪೆನ್ಶನ್ ಸಿಕ್ಕಿಲ್ಲ, ಹಾಗಾಗಿ ಒಟ್ಟು ಸೇವೆ 9ಕ್ಕಿಂತ ಕಡಿಮೆ ಅಲ್ಲ, 15 ತುಂಬಿಲ್ಲ. 1972ರ ಆಗಸ್ಟಿನಲ್ಲಿ ಇನ್ನೂ 15 ತುಂಬದವರು 1957ರ ಆಗಸ್ಟಿಗಿಂತ ಮೊದಲು ಸೇರಿರಲು ಸಾಧ್ಯವಿಲ್ಲ. ಕಾಸರಗೋಡು ಮದ್ರಾಸಿನಿಂದ ಕೇರಳಕ್ಕೆ ಹೋದದ್ದು 1956ರ ನವೆಂಬರ್ 1ಕ್ಕೆ. ಅಜ್ಜಿ ಹೇಳಿದ "ಮದ್ರಾಸ್" ರಾಜ್ಯದ ಹೆಸರಲ್ಲ, ಗಂಡ ಇದ್ದ ದಳದ ಹೆಸರು ಅಂತ ಕಾಣುತ್ತದೆ. ಅವರು ಸುಳ್ಳು ಹೇಳಿದ್ದಲ್ಲ, ಎರಡು ಮದ್ರಾಸು ಒಂದಾಗಿದೆ ಅಷ್ಟೆ.

ಅಮ್ಮ ಮತ್ತು ದೊಡ್ಡ ಮಾವನ ವಿಷಯಕ್ಕೆ ಬಂದರೆ, 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದ ಗಡಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಯುದ್ಧ ಒಂದೇ, ಜನ ಅದನ್ನು ಕರೆಯುವುದು ಬಾಂಗ್ಲಾ ಯುದ್ಧ ಎಂದೇ. ಇಬ್ಬರ ಮಾತೂ ನಿಂತಿತು. ಆದರೆ ಪಶ್ಚಿಮಿ ಕಂಡ ಕೂಡಲೇ "ಬಸಂತರ್ ನದಿಯ ಹತ್ತಿರ ಮೈನ್ ತೆಗೆದರು" ಅಂತ ಬರೆದುಬಿಡಬೇಡಿ. ಪಶ್ಚಿಮದ ಗಡಿ ಜಮ್ಮುವಿನಿಂದ ಕಛ್‌ವರೆಗೆ ಉಂಟು. ಯಾವ ರೆಜಿಮೆಂಟು, ಯಾವ ಕಂಪೆನಿ ಎಂದು ಕಾಗದದಲ್ಲಿ ಸಿಗುವವರೆಗೆ "ಪಶ್ಚಿಮ ಗಡಿ" ಎಂದಷ್ಟೇ ಇರಲಿ.

ಸೇತುವೆಯ ಮಾತು ನಂಬುವಂಥದ್ದೇ. ಇಂಜಿನಿಯರ್ ದಳದಲ್ಲಿ ಕಮ್ಮಾರನಾದರೂ ಮೊದಲು ಸ್ಯಾಪರ್ (ಆ ದಳದ ಸಿಪಾಯಿ), ಆಮೇಲೆ ಕಮ್ಮಾರ. ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ 10 ಅಡಿ ಉದ್ದ, 570 ಪೌಂಡು, ಎಂದರೆ ಸುಮಾರು 258 ಕಿಲೋ. ಅಡ್ಡಕೋಲು ಕೊಟ್ಟು ಆರು ಜನ ಎತ್ತುವಂಥದ್ದು. ಕಸುಬು ಯಾವುದೇ ಇರಲಿ, ಎತ್ತುವಾಗ ಎಲ್ಲರೂ ಹೆಗಲು ಕೊಡಬೇಕು.

ಈಗ ಮಾಡಬೇಕಾದ್ದು. ಪದಕದ ಅಂಚಿನಲ್ಲಿ, ಸ್ಟಾರ್ ಆದರೆ ಬೆನ್ನಿಗೆ, ನಂಬರು, ಹುದ್ದೆ, ಹೆಸರು, ದಳ ಕೊರೆದಿರುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಂಚಿಗೆ ಸಮವಾಗಿ, ಪಕ್ಕದಿಂದ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎದುರಿನಿಂದ ಬೆಳಕು ಬಿದ್ದರೆ ಅಕ್ಷರ ಮಾಯ. ಐದೂ ಪದಕದ ನಂಬರು ಒಂದೇ ಇರಬೇಕು. ಹುದ್ದೆ ಒಂದರಲ್ಲಿ ಸ್ಯಾಪರ್, ಇನ್ನೊಂದರಲ್ಲಿ ನಾಯಕ್ ಇದ್ದರೆ ತಪ್ಪಲ್ಲ, ಬಡ್ತಿ ಸಿಕ್ಕಿದೆ ಎಂದರ್ಥ. ನಂಬರಿನ ಹಿಂದೆಮುಂದೆ ಅಕ್ಷರ ಇದ್ದರೆ ಅದನ್ನೂ ಬಿಡದೆ ಬರೆದುಕೊಳ್ಳಿ.

ಆಮೇಲೆ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನ ರೆಕಾರ್ಡ್ಸ್ ಕಚೇರಿಗೆ ಅಜ್ಜಿಯ ಹೆಸರಿನಲ್ಲಿ ಅರ್ಜಿ ಹಾಕಿ. ಪುಳ್ಳಿ, ಅಂದರೆ ಮೊಮ್ಮಕ್ಕಳು, ಕೇಳಿದರೆ ಮೂರನೆಯವರ ಮಾಹಿತಿ ಎಂದು ತಿರುಗಿಸುವ ಸಂಭವ ಹೆಚ್ಚು, ಹೆಂಡತಿ ಕೇಳಿದರೆ ಆ ತಕರಾರು ಇಲ್ಲ. ಜೊತೆಗೆ ಮರಣ ಪ್ರಮಾಣಪತ್ರ, ಅಜ್ಜಿಯ ಗುರುತು ಚೀಟಿ, ಸಂಬಂಧ ತೋರಿಸುವ ಒಂದು ದಾಖಲೆ, ಡಿಸ್ಚಾರ್ಜ್ ಬುಕ್ಕಿನ ಓದುವ ಪುಟದ ಪ್ರತಿ. ಕೇಳುವಾಗ "ಎಲ್ಲ ದಾಖಲೆ ಕೊಡಿ" ಎನ್ನಬೇಡಿ. ಪೆನ್ಶನ್ ಇಲ್ಲದವರ ಸೇವಾ ದಾಖಲೆಯನ್ನು 25 ವರ್ಷ ಇಟ್ಟುಕೊಂಡು ನಾಶ ಮಾಡುವುದು ನಿಯಮ, ಹಾಗಾಗಿ "ದಾಖಲೆ ಲಭ್ಯವಿಲ್ಲ" ಎಂದು ಒಂದು ಸಾಲು ಬಂದು ಮುಗಿಯುತ್ತದೆ. ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರ್ ಮಾತ್ರ ಕಾಯಂ ಉಳಿಯುತ್ತದೆ. "ಲಾಂಗ್ ರೋಲಿನ ಪ್ರತಿ" ಎಂದೇ ಹೆಸರಿಟ್ಟು ಕೇಳಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅದನ್ನೇ ಕೇಳಿ, 30 ದಿನದ ಗಡುವು ಇರುತ್ತದೆ. ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅಜ್ಜನ ಹೆಸರು ನೋಂದಣಿ ಆಗಿತ್ತೋ ಎಂದೂ ವಿಚಾರಿಸಿ. ಆಗಿದ್ದರೆ ಆಗಲೇ ಕೊಟ್ಟ ವಿವರ ಅಲ್ಲಿ ಸಿಕ್ಕೀತು.

ಗೆರಟೆ ಮಸಿ ಉತ್ತರ:

ನಿಮ್ಮ ಆ ಒಂದು ಸಾಲಿನಲ್ಲಿ ಮೂರು ತಪ್ಪುಂಟು. ಬೇಸರ ಮಾಡಬೇಡಿ, ಎಲ್ಲರೂ ಹಾಗೆಯೇ ಬರೆಯುವುದು.

ಒಂದು, ಕತ್ತಿ ಬರೀ ಕಬ್ಬಿಣದ್ದಲ್ಲ. ಹಳೆಯ ಕ್ರಮದಲ್ಲಿ ಮೈ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ. ಎರಡನ್ನೂ ಬೆಳ್ಳಗೆ ಕಾಯಿಸಿ, ನಡುವೆ ಬಿಳಿಗಾರ ಉದುರಿಸಿ, ಬಡಿದು ಒಂದು ಮಾಡುವುದು. ಲಾರಿಯ ಸ್ಪ್ರಿಂಗ್ ಪ್ಲೇಟು ಸಲೀಸಾಗಿ ಸಿಗಲು ಶುರುವಾದ ಮೇಲೆ ಇಡೀ ಕತ್ತಿಯನ್ನೇ ಅದರಲ್ಲಿ ಮಾಡತೊಡಗಿದರು. ಅಜ್ಜ ಮಾಡಿದ ಕತ್ತಿ ನೆರೆಮನೆಗಳಲ್ಲಿ ಇದ್ದೇ ಇರುತ್ತದೆ. ಯಾರಾದರೂ ಒಪ್ಪಿದರೆ ಬಾಯಿಯ ಹತ್ತಿರ ಒಂದು ಇಂಚು ಜಾಗವನ್ನು ಸಾಣೆಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಬಿಂಬುಳಿ (ಹುಳಿ ಕಾಯಿ) ಹಿಂಡಿ ಐದು ನಿಮಿಷ ಬಿಟ್ಟು ತೊಳೆಯಿರಿ. ಉಕ್ಕು ಕಪ್ಪಾಗುತ್ತದೆ, ಮೆದು ಕಬ್ಬಿಣ ಬೂದು ಬಣ್ಣದಲ್ಲೇ ಉಳಿಯುತ್ತದೆ. ನಡುವೆ ಗೆರೆ ಕಂಡರೆ ಕೂಡಿಸಿದ ಕತ್ತಿ, ಇಡೀ ಒಂದೇ ಬಣ್ಣವಾದರೆ ಸ್ಪ್ರಿಂಗಿನದ್ದು. ಅಜ್ಜ ಎರಡೂ ಕ್ರಮದಲ್ಲಿ ಮಾಡುತ್ತಿದ್ದರೋ ಎಂದು ಹೀಗೆ ತಿಳಿಯಬಹುದು. ಉಜ್ಜಿದ ಜಾಗಕ್ಕೆ ಎಣ್ಣೆ ಹಚ್ಚಲು ಮರೆಯಬೇಡಿ, ಹುಳಿ ಬಿದ್ದಲ್ಲಿ ಮರುದಿನವೇ ತುಕ್ಕು.

ಎರಡು, "ಕೆಂಪಗೆ" ಕಾಯಿಸಿ ಬಡಿಯುವುದಲ್ಲ. ಕಿತ್ತಳೆಯಿಂದ ಹಳದಿಗೆ ತಿರುಗುವಾಗ ಬಡಿಯಬೇಕು. ಮಂಕು ಕೆಂಪಿಗೆ ಇಳಿದ ಮೇಲೂ ಬಡಿದರೆ ಒಳಗೆ ಬಿರುಕು ಬರುತ್ತದೆ, ಅದು ಆಗ ಕಾಣದು, ನೀರಿಗೆ ಹಾಕುವಾಗ "ಟಿಂಗ್" ಎಂದು ಹೇಳುತ್ತದೆ. ಇನ್ನೊಂದು ತುದಿಯಲ್ಲಿ, ಮತಾಪಿನ ಹಾಗೆ ಕಿಡಿ ಹಾರಲು ಶುರುವಾದರೆ ಉಕ್ಕು ಸುಟ್ಟಿತು, ಆ ತುಂಡು ಮತ್ತೆ ಯಾವ ಕೆಲಸಕ್ಕೂ ಬಾರದು. ಗೆರಟೆ ಮಸಿ ಉಪಯೋಗಿಸುತ್ತಿದ್ದರೋ, ಮರದ ಮಸಿಯೋ ಎಂದು ಅಜ್ಜಿಯನ್ನು ಕೇಳಿ. ಗೆರಟೆಯದ್ದಕ್ಕೆ ಕಾವು ಜಾಸ್ತಿ, ಬೂದಿ ಕಡಿಮೆ. ಆದರೆ ಬ್ಲೋವರ್ ತಿರುಗಿಸುವವರು ಸ್ವಲ್ಪ ಮೈಮರೆತರೂ ತುದಿ ಸುಡುತ್ತದೆ. ಬ್ಲೋವರ್ ಯಾರು ತಿರುಗಿಸುತ್ತಿದ್ದರು ಎಂದೂ ಕೇಳಿ. ಅವರ ಹೆಸರಿಲ್ಲದೆ ನಿಮ್ಮ ಪುಸ್ತಕ ಮುಗಿಯುವುದಿಲ್ಲ, ಹೆಚ್ಚಿನ ಕುಲುಮೆಗಳಲ್ಲಿ ಅದು ಮನೆಯ ಹೆಂಗಸರೇ.

ಮೂರು, ಇಡೀ ಕತ್ತಿಯನ್ನು ನೀರಿಗೆ ಅದ್ದಿ ಬಿಟ್ಟರೆ ಅದು ಕತ್ತಿಯಲ್ಲ, ಗಾಜು. ಹದ ಹಾಕುವುದೇ ಕಸುಬಿನ ತಿರುಳು, ಅದಕ್ಕೆ ಒಂದು ಪುಟ ಕೊಡಿ. ಬಾಯಿಯ ಕಡೆಯನ್ನು ಸಮವಾಗಿ ಚೆರ್ರಿ ಕೆಂಪಿಗೆ ತರುವುದು. ಅಯಸ್ಕಾಂತ ಹಿಡಿಯುವುದನ್ನು ಬಿಡುವ ಕಾವು ಸುಮಾರು 770 ಡಿಗ್ರಿ, ಅದಕ್ಕಿಂತ ಸ್ವಲ್ಪ ಮೇಲೆ ಹೋಗಬೇಕು. ಇದಕ್ಕೇ ಕುಲುಮೆಯನ್ನು ನೆರಳಲ್ಲಿ, ಅರೆಗತ್ತಲಲ್ಲಿ ಕಟ್ಟುವುದು. ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ. ಆಮೇಲೆ ಬಾಯಿಯ ಒಂದು ಇಂಚನ್ನು ಮಾತ್ರ ಅದ್ದಿ, ಅಲುಗಾಡಿಸುತ್ತಾ ಕೆಲವು ಸೆಕೆಂಡು ಹಿಡಿದು ಮೇಲೆ ತೆಗೆಯುವುದು. ಅಲುಗಾಡಿಸದಿದ್ದರೆ ನೀರಿನ ಗೆರೆ ಇದ್ದಲ್ಲೇ ಬಿರುಕು. ಸ್ಪ್ರಿಂಗ್ ಉಕ್ಕಿಗೆ ತಣ್ಣೀರು ಬಹಳ ಚುರುಕು, ಎಣ್ಣೆಯೇ ಸುರಕ್ಷಿತ. ನೀರೇ ಆದರೆ ಉಗುರುಬೆಚ್ಚಗಿರಬೇಕು. ಮೇಲೆ ತೆಗೆದ ಕೂಡಲೇ ಇಟ್ಟಿಗೆ ಚೂರಿನಿಂದ ಉಜ್ಜಿದರೆ ಬಿಳಿ ಲೋಹ ಕಾಣುತ್ತದೆ. ಬೆನ್ನಿನ ಕಡೆ ಉಳಿದ ಬಿಸಿ ಬಾಯಿಯ ಕಡೆಗೆ ಹರಿದು ಬರುವಾಗ ಅದರ ಮೇಲೆ ಬಣ್ಣಗಳು ಸಾಲಾಗಿ ನಡೆಯುತ್ತವೆ: ಮುಂದೆ ಬೈಹುಲ್ಲಿನ ಹಳದಿ (ಸುಮಾರು 230 ಡಿಗ್ರಿ), ಅದರ ಹಿಂದೆ ಕಂದು (260), ನೇರಳೆ (280), ಕೊನೆಗೆ ನೀಲಿ (300). ತರಕಾರಿ ಹೆಚ್ಚುವ ಮೆಟ್ಟುಕತ್ತಿಯಾದರೆ ಹಳದಿ ಬಾಯಿಗೆ ಮುಟ್ಟಿದಾಗ ಪೂರ್ತಿ ಅದ್ದುವುದು. ಸೌದೆ ಕಡಿಯುವ ಕತ್ತಿಗೆ ಕಂದು ದಾಟಿ ನೇರಳೆ ಬರುವವರೆಗೆ ಕಾಯಬೇಕು, ಇಲ್ಲದಿದ್ದರೆ ಗಂಟಿಗೆ ತಾಗಿದ ಮೊದಲ ಏಟಿಗೇ ಬಾಯಿ ಹಲ್ಲು ಬೀಳುತ್ತದೆ. ನೀಲಿಯೂ ದಾಟಿತೋ, ಬಾಯಿ ಮಡಚುತ್ತದೆ. ಇದೆಲ್ಲ ಅರ್ಧ ನಿಮಿಷದೊಳಗಿನ ಮಾತು.

ಹಾಗಾಗಿ ಮಾವನಿಗೆ ಹೇಳಿ, ಆ ಹಿಡಿ ಹಾಕದ ಎರಡು ಕತ್ತಿಗೆ ಸ್ಯಾಂಡ್ ಪೇಪರ್ ತಾಗಿಸಲೇಬಾರದು. ಹದ ಆಗಿ ಹಿಡಿ ಮಾತ್ರ ಬಾಕಿ ಇದ್ದದ್ದಾದರೆ ಆ ಬಣ್ಣದ ಪಟ್ಟಿ ಇನ್ನೂ ಅದರ ಮೇಲೆ ಇರಬಹುದು. ಕಣ್ಣಿಗೆ ಕಾಣದಷ್ಟು ತೆಳು ಪೊರೆ ಅದು, ಎರಡು ಸಲ ಉಜ್ಜಿದರೆ ಹೋಯಿತು. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಮಾತ್ರ ಒತ್ತಿ ತೆಗೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಉಳಿದ ಸಾಮಾನಿಗೆ: ಸಡಿಲ ತುಕ್ಕಿದ್ದರೆ ಸೀಮೆಎಣ್ಣೆಯಲ್ಲಿ ಒಂದು ರಾತ್ರಿ, ಮರದ ಹಿಡಿ ಮುಳುಗದ ಹಾಗೆ. ಬೆಳಿಗ್ಗೆ ತೆಂಗಿನ ನಾರಲ್ಲಿ ಉಜ್ಜಿ, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಸುತ್ತಿಗೆಯ ಹಿಡಿಯಲ್ಲಿ ಹೆಬ್ಬೆರಳಿನ ಜಾಗ ಸವೆದಿರುತ್ತದೆ, ಅದನ್ನು ಹೊಸ ಹಿಡಿ ಹಾಕಿ ಚಂದ ಮಾಡಬೇಡಿ. ಆ ಸವೆತ ಯಾವ ಬದಿಗಿದೆ ಎಂದು ನೋಡಿದರೆ ಬಲಗೈಯೋ ಎಡಗೈಯೋ ತಿಳಿಯುತ್ತದೆ.

ಏಳು ಇಕ್ಕಳದ ಫೋಟೋ ಒಟ್ಟಿಗೆ ತೆಗೆದರೆ ಪ್ರಯೋಜನ ಇಲ್ಲ. ಪ್ರತಿಯೊಂದರ ಬಾಯಿ ಹತ್ತಿರದಿಂದ, ಪಕ್ಕದಲ್ಲಿ ಅಡಿಕೋಲು ಇಟ್ಟು ತೆಗೆಯಿರಿ. ಚಪ್ಪಟೆ ಬಾಯಿಯದ್ದು ಪಟ್ಟಿ ಹಿಡಿಯಲು, ಗುಂಡು ಬಾಯಿಯದ್ದು ಸರಳಿಗೆ. ಯಾವುದರ ಬಾಯಿ ಹೆಚ್ಚು ಸವೆದಿದೆಯೋ ಆ ಕೆಲಸ ಅಜ್ಜನಿಗೆ ಹೆಚ್ಚು ಬರುತ್ತಿತ್ತು ಎಂದು ಲೆಕ್ಕ.

ಬಾಣದ ಗುರುತು ಸರಕಾರಿ ಸ್ವತ್ತಿನ ಮುದ್ರೆ, ಬ್ರಿಟಿಷರ ಕಾಲದಿಂದ ಬಂದದ್ದು. ಅದನ್ನು ನೋಡಿ ಮಿಲಿಟರಿಯಿಂದ ತಂದ ಉಳಿ ಎಂದು ಬರೆಯಬೇಡಿ. ಸೇನೆಯ ಹಳೆ ಸಾಮಾನು ಹರಾಜಾಗಿ ಗುಜರಿಗೆ ಬರುತ್ತಿತ್ತು, ಅಲ್ಲಿಂದ ಯಾರೂ ಕೊಳ್ಳಬಹುದಿತ್ತು.

ಮುಳ್ಳೇರಿಯದ ಪುಳ್ಳಿ:

ಸ್ಯಾಂಡ್ ಪೇಪರ್ ಅಡಗಿಸಿಟ್ಟೆ. ಒಂದು ಕತ್ತಿಯ ಬಾಯಿಯ ಹತ್ತಿರ ನೇರಳೆಯ ಹಾಗೆ ಒಂದು ಪಟ್ಟಿ ಕಾಣುತ್ತದೆ, ಇನ್ನೊಂದು ಇಡೀ ಕಪ್ಪು. ಲೆಕ್ಕದ ಪುಸ್ತಕದ ಬಗ್ಗೆ ಯಾರಿಗಾದರೂ ಗೊತ್ತುಂಟಾ? ಒಂದರಲ್ಲಿ "ಕ 2 ಸೇ 4", "ನ.ಪೈ. 37" ಎಂದೆಲ್ಲ ಇದೆ. ಇದು ಅಜ್ಜನ ಅಕ್ಷರವೋ, ಅವರ ಅಪ್ಪನದ್ದೋ ಎಂದು ಜಗಳ. ಮತ್ತೆ, ಅಂಟಿದ ಪುಟಗಳನ್ನು ಎಂತ ಮಾಡುವುದು?

ಕಳಸೆ ಸೇರು ಉತ್ತರ:

"ಕ" ಎಂದರೆ ಕಳಸೆ, "ಸೇ" ಎಂದರೆ ಸೇರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ ಆ ಸಾಲಿನಲ್ಲಿ ಬಂದದ್ದು 32 ಸೇರು. ಕೆಲಸಕ್ಕೆ ಭತ್ತವೋ ಅಕ್ಕಿಯೋ ಕೊಟ್ಟ ಲೆಕ್ಕ. ಒಂದೇ ಮನೆಯ ಹೆಸರು ವರ್ಷಕ್ಕೆ ಒಂದು ಸಲ, ಕೊಯ್ಲಿನ ತಿಂಗಳಲ್ಲಿ ಮಾತ್ರ ಬರುತ್ತಿದ್ದರೆ ಅದು ವರ್ಷದ ಗುತ್ತಿಗೆ: ನೇಗಿಲ ಗುಳ ಹರಿತ ಮಾಡಿಕೊಡುವುದು, ಕತ್ತಿಗೆ ಸಾಣೆ, ಎಲ್ಲ ಸೇರಿ. ಸೇರನ್ನು ಕಿಲೋಕ್ಕೆ ತಿರುಗಿಸಿ ಬರೆಯಲು ಹೋಗಬೇಡಿ, ಅದು ಅಳೆಯುವ ಸೇರು, ತೂಗುವುದಲ್ಲ, ಊರಿಂದೂರಿಗೆ ವ್ಯತ್ಯಾಸವೂ ಉಂಟು.

"ನ.ಪೈ." ಬಹಳ ಉಪಕಾರದ ಗುರುತು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. 1964ರ ಜೂನಿನಿಂದ "ನಯಾ" ಬಿಟ್ಟು ಬರೀ ಪೈಸೆ ಆಯಿತು. 1957ಕ್ಕೆ ಹಿಂದಿನ ಪುಟಗಳಲ್ಲಿ ಆಣೆ, ಪೈ ಇರುತ್ತದೆ, 16 ಆಣೆಗೆ ಒಂದು ರೂಪಾಯಿ. ಬಾಯಿ ರೂಢಿಯಲ್ಲಿ ನಯಾ ಪೈಸೆ ಮತ್ತೂ ಕೆಲವು ವರ್ಷ ಉಳಿದಿತ್ತು, ಹಾಗಾಗಿ ಮೇಲಿನ ಗಡಿಯನ್ನು ಸ್ವಲ್ಪ ಸಡಿಲ ಇಟ್ಟುಕೊಳ್ಳಿ. ಲಾಂಗ್ ರೋಲ್ ಅವರ ಲೆಕ್ಕದಂತೆ ಅಜ್ಜ ಸೇರಿದ್ದು 1957ರಿಂದ 65ರ ನಡುವೆ. ಆ ವರ್ಷಗಳ ಪುಟ ಇಬ್ಬರದ್ದೂ ಆಗಿರಬಹುದು. ಡಿಸ್ಚಾರ್ಜ್ ಬುಕ್ಕಿನ ಸಹಿಯ ಜೊತೆ ಇಟ್ಟು ನೋಡಿ. ಸಹಿ ಇಂಗ್ಲಿಷಿನಲ್ಲಿದ್ದರೆ ಅಂಕಿಗಳನ್ನು ಹೋಲಿಸಿ. ಒಂದು ಪುಸ್ತಕ ಕನ್ನಡ ಅಂಕಿ, ಇನ್ನೊಂದು ಇಂಗ್ಲಿಷ್ ಅಂಕಿ ಆದರೆ ಜಗಳ ಬಹುಪಾಲು ಮುಗಿದ ಹಾಗೆ, ಸೇನೆಯಲ್ಲಿ ದಿನಾ ಇಂಗ್ಲಿಷ್ ಅಂಕಿ ಬರೆದ ಕೈ ಮತ್ತೆ ಹಿಂದಕ್ಕೆ ಬರುವುದು ಕಡಿಮೆ.

ವಿಳಾಸವನ್ನೂ ಗಮನಿಸಿ. ಅವರ ಸೇವಾ ಕಾಗದಗಳಲ್ಲಿ ಜಿಲ್ಲೆ "ಕಣ್ಣಾನೂರು" ಎಂದಿದ್ದರೆ ಬೇರೆ ಯಾರದ್ದೋ ಪುಸ್ತಕ ಬಂದಿದೆ ಎಂದು ಗಾಬರಿ ಬೇಡ. 1957ರ ಜನವರಿ 1ರಿಂದ ನಾವು ಕಣ್ಣೂರು ಜಿಲ್ಲೆಯಲ್ಲಿದ್ದವರು, ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ರೆಕಾರ್ಡ್ಸಿಗೆ ಬರೆಯುವಾಗ ಊರಿನ ಹೆಸರಿನ ಜೊತೆ ಎರಡೂ ಜಿಲ್ಲೆ ಹಾಕಿ. ಹೆಸರಿನ ಕೊನೆಗೆ ಆಚಾರಿ, ಆಚಾರ್ಯ ಎರಡೂ ಇರಬಹುದು, ಪದಕದಲ್ಲಿ ಇದ್ದ ಹಾಗೆಯೇ ಬರೆಯಿರಿ.

ಮನೆಯ ಜಾಗದ ಪಟ್ಟಯವನ್ನೂ (ಹಕ್ಕುಪತ್ರ) ಒಮ್ಮೆ ತೆಗೆದು ನೋಡಿ. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಜಾರಿಯಾದಾಗ ಒಕ್ಕಲಿಗೆ, ಬಿಡಾರ ಕಟ್ಟಿ ಕೂತ ಕೆಲಸದವರಿಗೆ ಜಾಗದ ಹಕ್ಕು ಬಂತು. ಬಿಡಾರದವರಿಗಾದರೆ ಪಂಚಾಯತಿನಲ್ಲಿ 10 ಸೆಂಟು. ಪಟ್ಟಯ ಯಾರ ಹೆಸರಲ್ಲಿ, ಯಾವ ತಾರೀಕಿಗೆ ಆಗಿದೆ ಎಂಬುದರಿಂದ ಅಜ್ಜ ಅರ್ಜಿ ಕೊಟ್ಟು ಊರಿಗೆ ಯಾಕೆ ಬಂದರು ಎಂಬುದಕ್ಕೆ ಸುಳಿವು ಸಿಗಲೂಬಹುದು. ಮಲೆಯಾಳದಲ್ಲಿ ಇದ್ದರೆ ಓದಿಸಿಕೊಳ್ಳಿ, ಅಂದಾಜಿನಲ್ಲಿ ಬರೆಯಬೇಡಿ.

ಅಂಟಿದ ಪುಟ: ಬಿಸಿಲಿಗೆ ಇಡಬೇಡಿ, ಇಸ್ತ್ರಿ ಅಂತೂ ಬೇಡವೇ ಬೇಡ. ನೆರಳಲ್ಲಿ, ಫ್ಯಾನಿನ ಗಾಳಿ ನೇರ ತಾಗದ ಹಾಗೆ, ಪುಸ್ತಕವನ್ನು ನಿಲ್ಲಿಸಿ ನಾಲ್ಕೈದು ದಿನ ಒಣಗಲಿ. ಬಿಟ್ಟ ಪುಟಗಳ ನಡುವೆ ಒತ್ತುಕಾಗದ ಇಟ್ಟು ದಿನಕ್ಕೊಮ್ಮೆ ಬದಲಾಯಿಸಿ. ಆಮೇಲೆ ತೆಳ್ಳಗೆ ಹೆರೆದ ಬಿದಿರ ಕಡ್ಡಿಯನ್ನು ಮೂಲೆಯಿಂದ ತೂರಿಸಿ, ಸ್ವಲ್ಪ ಸ್ವಲ್ಪ. ತಡೆದರೆ ಅಲ್ಲಿಗೇ ನಿಲ್ಲಿಸಿ. ನೀರು ಹಚ್ಚಿ ಬಿಡಿಸಲು ನೋಡಿದರೆ ಪೆನ್ನಿನ ಶಾಯಿ ಕಲಸಿ ಹೋಗುತ್ತದೆ. ಒಂದು ಪುಟ ಬಿಟ್ಟ ಕೂಡಲೇ ಫೋಟೋ, ನಾಳೆಗೆ ಇಡಬೇಡಿ. ಲ್ಯಾಮಿನೇಶನ್ ಮಾಡಿಸುವ ಎಂದು ಯಾರಾದರೂ ಹೇಳಿಯಾರು, ಒಪ್ಪಬೇಡಿ. ಒಳಗಿನ ತೇವ ಅಲ್ಲೇ ಕೂತು ಕಪ್ಪಾಗುತ್ತದೆ, ಮತ್ತೆ ಬಿಡಿಸಲು ಆಗದು. ನಮ್ಮ ಕಡೆಯ ಮಳೆಗಾಲಕ್ಕೆ ಒರಲೆಯ ಭಯವೂ ಉಂಟು, ಮರದ ಕಪಾಟಿಗಿಂತ ಗೋಡೆಯಿಂದ ದೂರ ಇಟ್ಟ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಳ್ಳೆಯದು, ಒಳಗೆ ಸಿಲಿಕಾ ಜೆಲ್.

ಲಾಂಗ್ ರೋಲ್:

ಪದಕದ ಮಾತು ಬಿಟ್ಟುಹೋಗಿತ್ತು. ಹುಣಸೆಹುಳಿ, ಹಿತ್ತಾಳೆ ಪಾಲಿಶ್ ಯಾವುದೂ ಬೇಡ. ಕೊರೆದ ಅಕ್ಷರ ಸವೆದರೆ ನಂಬರೂ ಹೋಯಿತು. ರಿಬ್ಬನ್ ಹರಿದಿದ್ದರೂ ಬದಲಾಯಿಸಬೇಡಿ, ಹೊಸದು ಬೇಕಿದ್ದರೆ ಪಕ್ಕದಲ್ಲಿ ಬೇರೆ ಇಡಿ.

ಗೆರಟೆ ಮಸಿ:

ನೇರಳೆ ಪಟ್ಟಿ ಇರುವುದು ಸೌದೆಯ ಕತ್ತಿ, ಹದ ಮುಗಿದದ್ದು. ಹಿಡಿ ಹಾಕುವುದು ಮಾತ್ರ ಬಾಕಿ ಇತ್ತು. ಇಡೀ ಕಪ್ಪಗಿರುವುದು ಬಡಿದು ಬಿಟ್ಟದ್ದು, ಇನ್ನೂ ಅರ ತಾಗಿಲ್ಲ, ಹದವೂ ಆಗಿಲ್ಲ. ಬೇಕಾದರೆ ಹಳೆ ಅರವೊಂದನ್ನು ಅದರ ಬಾಯಿಯ ಮೂಲೆಗೆ ಮೆಲ್ಲ ಎಳೆದು ನೋಡಿ, ಕಚ್ಚಿದರೆ ಮೆದು, ಜಾರಿದರೆ ಹದ ಆಗಿದೆ. ಎರಡನ್ನೂ ಒಂದೇ ಚಿತ್ರದಲ್ಲಿ, ಕಪ್ಪಿನದ್ದು ಎಡಕ್ಕೆ, ನೇರಳೆಯದ್ದು ಬಲಕ್ಕೆ ಇಟ್ಟು ತೆಗೆಯಿರಿ. ಆ ನೇರಳೆಯದ್ದಕ್ಕೆ ಈಗ ಯಾರೂ ಹಿಡಿ ಹಾಕುವುದು ಬೇಡ. ಬಾಲವನ್ನು (ಹಿಡಿಯೊಳಗೆ ಹೋಗುವ ತುದಿ) ಕಾಯಿಸಿ ಮರಕ್ಕೆ ಇಳಿಸುವಾಗ ಬಿಸಿ ಮೇಲಕ್ಕೆ ಹತ್ತಿದರೆ ಬಣ್ಣ ಓಡುತ್ತದೆ.